ಮುಚ್ಚಳದ ಮೇಲಿನ ಹೆಸರಿಗಿಂತ ತಳದ ಚೀಟಿ ಮುಖ್ಯ: ವಿದ್ಯಾರ್ಥಿಗೆ ಯಾವ ಲ್ಯಾಪ್‌ಟಾಪ್?

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ‘ಯಾವ ಕಂಪನಿ ಲ್ಯಾಪ್‌ಟಾಪ್ ಒಳ್ಳೇದು?’ ಎಚ್‌ಪಿ ಎಂದು ಅಣ್ಣ, ಡೆಲ್ ಎಂದು ಮಾವ, ಲೆನೊವೊ ಎಂದು ಗೆಳೆಯ. ಮೂವರೂ ಹೇಳುವುದು ತಮ್ಮ ಕೈಯಲ್ಲಿರುವ ಒಂದು ಮಾಡೆಲ್ ಬಗ್ಗೆ. ಅದೇ ಕಂಪನಿಯ 38 ಸಾವಿರದ ಯಂತ್ರಕ್ಕೂ 90 ಸಾವಿರದ ಯಂತ್ರಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ. ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನೆಲ್ಲ ತಾವೇ ಜೋಡಿಸುವುದೂ ಇಲ್ಲ. ತೈವಾನಿನ ಕ್ವಾಂಟಾ, ಕಾಂಪಾಲ್‌ನಂಥ ಗುತ್ತಿಗೆ ತಯಾರಕರು ಒಂದಕ್ಕಿಂತ ಹೆಚ್ಚು ಬ್ರ್ಯಾಂಡ್‌ಗಳಿಗೆ ಮಾಡಿಕೊಡುತ್ತಾರೆ. ಹಾಗಾಗಿ ಬ್ರ್ಯಾಂಡ್ ಆರಿಸುವುದು ಎಂದರೆ ಎರಡು ಸಂಗತಿ ಆರಿಸುವುದು: ಆ ಬ್ರ್ಯಾಂಡಿನ ಯಾವ ಸರಣಿ, ಮತ್ತು ಕೆಟ್ಟಾಗ ನಿಮ್ಮ ಊರಿಗೆ ಯಾರು ಬರುತ್ತಾರೆ.

ಮೊದಲು ಕೋರ್ಸ್. ಬಿಕಾಂ, ಬಿಎ, ಬಿಬಿಎ ಓದುವವರಿಗೆ ಬ್ರೌಸರ್, ವರ್ಡ್, ಎಕ್ಸೆಲ್, ಟ್ಯಾಲಿ ಸಾಕು. ಟ್ಯಾಲಿಪ್ರೈಮ್ ವಿಂಡೋಸ್ ತಂತ್ರಾಂಶ. ಕನ್ನಡ ಎಂಎ ಓದುತ್ತ ಡಿಟಿಪಿ ಅಂಗಡಿಗೆ ನುಡಿ ಕಡತ ಕೊಡಬೇಕಾದವರಿಗೂ ವಿಂಡೋಸೇ ಬೇಕು. ಕಂಪ್ಯೂಟರ್ ಸೈನ್ಸ್‌ಗೆ ಪೈಥಾನ್, ಜಾವಾ, ಡಿಬಿಎಂಎಸ್ ಲ್ಯಾಬ್ ಯಾವ ಯಂತ್ರದಲ್ಲೂ ನಡೆಯುತ್ತವೆ. ರ‍್ಯಾಮ್ ನುಂಗುವುದು ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್, ಡಾಕರ್, ವರ್ಚುವಲ್ ಮಷಿನ್. ಎಲೆಕ್ಟ್ರಾನಿಕ್ಸ್‌ನವರಿಗೆ ಚಿಪ್ ವಿನ್ಯಾಸದ ತಂತ್ರಾಂಶ ವಿವಾಡೊ ಒಂದೇ ಹತ್ತಾರು ಜಿಬಿ ಡಿಸ್ಕ್ ಹಿಡಿಯುತ್ತದೆ, ಅಲ್ಲಿ 256 ಜಿಬಿ ಎಸ್‌ಎಸ್‌ಡಿ ಸಾಲದು. ಮೆಕ್ಯಾನಿಕಲ್, ಸಿವಿಲ್‌ನವರಿಗೆ ಸಾಲಿಡ್‌ವರ್ಕ್ಸ್, ರೆವಿಟ್, ಈಟ್ಯಾಬ್ಸ್. ಮೂರೂ ವಿಂಡೋಸ್ ಮೇಲೆ ಮಾತ್ರ. ಆರ್ಕಿಟೆಕ್ಚರ್ ಓದುವವರಿಗೆ ಲೂಮಿಯನ್, ಎನ್‌ಸ್ಕೇಪ್‌ಗಾಗಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ವಿಟಿಯು ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್‌ಗೆ ಮಾತ್ರ ಗೇಮಿಂಗ್ ಲ್ಯಾಪ್‌ಟಾಪ್ ಬೇಡ, ಒಳಗಿರುವ ಇಂಟಿಗ್ರೇಟೆಡ್ ಗ್ರಾಫಿಕ್ಸ್‌ನಲ್ಲೇ ಅದು ಓಡುತ್ತದೆ. ಕಾಲೇಜಿಗೆ ಸೇರಿದ ವಾರವೇ ಕೊಳ್ಳುವ ಆತುರವೂ ಬೇಡ. ಹೆಚ್ಚಿನ ಕಾಲೇಜುಗಳಲ್ಲಿ ಮೊದಲ ಸೆಮಿಸ್ಟರಿನ ಲ್ಯಾಬ್ ಕೆಲಸ ಲ್ಯಾಬಿನಲ್ಲೇ ಮುಗಿಯುತ್ತದೆ; ಬ್ರಾಂಚಿನ ಹಿರಿಯ ವಿದ್ಯಾರ್ಥಿಗಳನ್ನು ‘ಮೂರನೇ ವರ್ಷದಲ್ಲಿ ಯಾವ ಸಾಫ್ಟ್‌ವೇರ್ ಬಳಸ್ತೀರಿ’ ಎಂದು ಕೇಳಿ ಆಮೇಲೆ ದುಡ್ಡು ಬಿಚ್ಚಿ.

ಈಗ ಪ್ರೊಸೆಸರ್. ವಿದ್ಯಾರ್ಥಿಗಳು ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ‘ಐ5 ಇದೆ’, ‘ರೈಜನ್ 5 ಇದೆ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಆ ಹೆಸರಿನ ನಂತರ ಬರುವ ನಾಲ್ಕೈದು ಅಂಕಿ ಓದಿ. ಎಎಂಡಿ ಕಂಪನಿಯ ರೈಜನ್ 7000 ಸರಣಿಯಲ್ಲಿ ಮೂರನೇ ಅಂಕಿಯೇ ಒಳಗಿನ ವಿನ್ಯಾಸದ ವಯಸ್ಸು ಹೇಳುತ್ತದೆ. ರೈಜನ್ 5 7520ಯು ಎಂಬುದರ ಮೂರನೇ ಅಂಕಿ 2; ಎಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, ನಾಲ್ಕು ಕೋರ್ (ಲೆಕ್ಕ ಮಾಡುವ ಭಾಗ). ರೈಜನ್ 5 7530ಯು ಎಂಬುದರಲ್ಲಿ ಆ ಅಂಕಿ 3. ಝೆನ್ 3, ಆರು ಕೋರ್. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ, ಕೆಲಸದಲ್ಲಿ ಒಂದು ತಲೆಮಾರಿಗಿಂತ ಹೆಚ್ಚು. ಇನ್ನೊಂದು ತೊಡಕೂ ಇದೆ: 7520ಯು ಮತ್ತು ಅದರ ತಮ್ಮ ರೈಜನ್ 3 7320ಯು, ಎರಡಕ್ಕೂ ಬೋರ್ಡಿಗೆ ಬೆಸೆದ ಎಲ್‌ಪಿಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. 8 ಜಿಬಿ ಕೊಂಡರೆ ನಾಲ್ಕು ವರ್ಷವೂ 8 ಜಿಬಿಯೇ. ಅಂಗಡಿಯವರು ‘ಆಮೇಲೆ ಹಾಕಿಸಬಹುದು’ ಎಂದರೆ ಈ ಚಿಪ್ಪಿನ ಮಟ್ಟಿಗೆ ಅದು ತಪ್ಪು.

ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಿ. ಐ5-1235ಯು, ಐ5-1335ಯು, ಹೊಸ ಹೆಸರಿನ ಕೋರ್ 5 120ಯು, ಈ ಮೂರರಲ್ಲೂ ಎರಡು ದೊಡ್ಡ (ವೇಗದ) ಕೋರ್, ಎಂಟು ಸಣ್ಣ (ವಿದ್ಯುತ್ ಉಳಿಸುವ) ಕೋರ್. ವರ್ಷ ಬದಲಾದರೂ ಒಳಗಿನ ಲೆಕ್ಕ ಬದಲಾಗಿಲ್ಲ. ಆದ್ದರಿಂದ ‘ಹೊಸ ಜನರೇಷನ್’ ಎಂದು ಆರೇಳು ಸಾವಿರ ಹೆಚ್ಚು ಕೊಡುವುದಕ್ಕಿಂತ ಅದೇ ದುಡ್ಡನ್ನು ರ‍್ಯಾಮ್‌ಗೋ ಒಳ್ಳೆಯ ಸ್ಕ್ರೀನಿಗೋ ಹಾಕಿ. ಐ5-12450ಎಚ್, ಐ5-13420ಎಚ್‌ಗಳಲ್ಲಿ ನಾಲ್ಕು ದೊಡ್ಡ, ನಾಲ್ಕು ಸಣ್ಣ ಕೋರ್. ಒಂದೇ ಸಮ ಭಾರ ಬೀಳುವ ಕಂಪೈಲ್, ಸಿಮ್ಯುಲೇಷನ್‌ಗೆ ಇವು ಮೇಲು, ಬ್ಯಾಟರಿಗೆ ಯು ಮೇಲು. ಐ3-1215ಯು ಬಿಕಾಂ ವಿದ್ಯಾರ್ಥಿಗೆ ಧಾರಾಳ ಸಾಕು. ಐ3-ಎನ್305 ಎಂಬುದರಲ್ಲಿ ಇರುವುದು ಸಣ್ಣ ಕೋರ್‌ಗಳು ಮಾತ್ರ. ಹೆಸರಲ್ಲಿ ಐ3 ಇದ್ದರೂ 1215ಯು ಪಕ್ಕಕ್ಕೆ ಇಡುವಂಥದ್ದಲ್ಲ. ಸೆಲೆರಾನ್ ಎನ್4500 ಇರುವುದನ್ನು ಯಾವ ಬೆಲೆಗೂ ಕೊಳ್ಳಬೇಡಿ: ಎರಡೇ ಕೋರ್, ವಿಂಡೋಸ್ ಅಪ್‌ಡೇಟ್ ಬಂದ ದಿನ ಬೇರೆ ಕೆಲಸ ನಿಂತೇಹೋಗುತ್ತದೆ.

ರ‍್ಯಾಮ್ ವಿಚಾರದಲ್ಲಿ ಹಳೆಯ ಸಲಹೆಯೊಂದನ್ನು ಬಿಡಬೇಕಾದ ಕಾಲ ಬಂದಿದೆ. ‘8 ಜಿಬಿ ತಗೊಳ್ಳಿ, ಮುಂದಿನ ವರ್ಷ ಅಗ್ಗದಲ್ಲಿ ಇನ್ನೊಂದು ಸ್ಟಿಕ್ ಹಾಕಿಸಿ’ ಎನ್ನುವುದು ಒಂದು ಕಾಲಕ್ಕೆ ಸರಿಯಾಗಿತ್ತು. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಬೆಲೆ ಜಿಗಿಯಿತು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಷಿಯಲ್ ಚಿಲ್ಲರೆ ವ್ಯಾಪಾರವನ್ನೇ ಮುಚ್ಚುವುದಾಗಿ ಹೇಳಿತು. ಇಂಜಿನಿಯರಿಂಗ್‌ಗೆ ಕೊಳ್ಳುವುದಾದರೆ ಮೊದಲೇ 16 ಜಿಬಿ ಇರುವುದನ್ನು ತೆಗೆದುಕೊಳ್ಳಿ. 8 ಜಿಬಿಯದೇ ಕೈಗೆಟಕುವುದಾದರೆ ಖಾಲಿ ಸ್ಲಾಟ್ ಇದೆಯೇ ಎಂದು ಅಂಗಡಿಯ ಡೆಮೊ ಯಂತ್ರದಲ್ಲೇ ನೋಡಿ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಸಾಲು ಇರುತ್ತದೆ. ಅದರ ಹತ್ತಿರವೇ ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೆಸೆದಿದೆ ಎಂದರ್ಥ. ಆಗ ಖಾಲಿ ಸ್ಲಾಟ್ ಬೇರೆ ಇದೆಯೇ ಎಂದು ಕಂಪನಿಯ ಸೈಟಿನ ವಿವರ ಪಟ್ಟಿಯಲ್ಲಿ ಖಚಿತ ಮಾಡಿಕೊಳ್ಳಿ.

ಒಂದೇ ಸ್ಟಿಕ್ ಇದ್ದರೆ ಗ್ರಾಫಿಕ್ಸ್‌ಗೂ ಪೆಟ್ಟು. ಇಂಟೆಲ್‌ನ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಎರಡು ಚಾನೆಲ್ ರ‍್ಯಾಮ್ ಇದ್ದಾಗ ಮಾತ್ರ ಆ ಹೆಸರಿನಲ್ಲಿ ಕಾಣಿಸುತ್ತದೆ. ಒಂದೇ ಸ್ಟಿಕ್ ಇದ್ದರೆ ಅದೇ ಚಿಪ್ ಡಿವೈಸ್ ಮ್ಯಾನೇಜರಿನಲ್ಲಿ ‘ಯುಎಚ್‌ಡಿ’ ಎಂದು ತೋರಿಸಿ ನಿಧಾನವಾಗಿ ಓಡುತ್ತದೆ. ‘ಡಬ್ಬದ ಮೇಲೆ ಐರಿಸ್ ಅಂತ ಬರೆದಿತ್ತು, ಒಳಗೆ ಯುಎಚ್‌ಡಿ ಬಂದಿದೆ’ ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ, ಇನ್ನೊಂದು ಸ್ಟಿಕ್ ಹಾಕಿದರೆ ಸರಿಹೋಗುತ್ತದೆ.

ಸ್ಕ್ರೀನಿನ ಬಗ್ಗೆ ಜಾಹೀರಾತು ‘ಫುಲ್ ಎಚ್‌ಡಿ, ಕಣ್ಣಿಗೆ ಹಿತ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನೋಡಬೇಕಾದದ್ದು ಎರಡು ಸಂಖ್ಯೆ: ನಿಟ್ಸ್‌ನಲ್ಲಿ ಹೇಳುವ ಹೊಳಪು, ಎನ್‌ಟಿಎಸ್‌ಸಿ ಅಥವಾ ಎಸ್‌ಆರ್‌ಜಿಬಿಯಲ್ಲಿ ಹೇಳುವ ಬಣ್ಣದ ವ್ಯಾಪ್ತಿ. 250 ನಿಟ್ಸ್, 45 ಶೇಕಡಾ ಎನ್‌ಟಿಎಸ್‌ಸಿ ಎಂದಿದ್ದರೆ ಅದು ಅಗ್ಗದ ಪ್ಯಾನೆಲ್: ಹಾಸ್ಟೆಲ್ ಕಿಟಕಿ ಪಕ್ಕ ಕೂತರೆ ಅಕ್ಷರ ಮಂಕು, ಕೆಂಪು ಬಣ್ಣ ಇಟ್ಟಿಗೆಯ ಬಣ್ಣವಾಗಿ ಕಾಣುತ್ತದೆ. ಕೋಡ್ ಬರೆಯುವುದಕ್ಕೆ ತೊಂದರೆಯಿಲ್ಲ. ವಿನ್ಯಾಸ, ಫೋಟೊ, ವಿಡಿಯೊ ಕೆಲಸಕ್ಕೆ 300 ನಿಟ್ಸ್ ಮತ್ತು 100 ಶೇಕಡಾ ಎಸ್‌ಆರ್‌ಜಿಬಿ ಬೇಕು. ಅಂಗಡಿಯಲ್ಲಿ ಪರೀಕ್ಷೆ ಸುಲಭ: ಬಿಳಿ ಪುಟ ತೆರೆದು ಮುಚ್ಚಳವನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಿ. ಮೇಲ್ಭಾಗ ಕಪ್ಪಾಗಿ ಕೆಳಭಾಗ ಬೆಳ್ಳಗಾದರೆ ಅದು ಟಿಎನ್ ಎಂಬ ಹಳೆಯ ಬಗೆಯ ಪ್ಯಾನೆಲ್, ಬಿಟ್ಟುಬಿಡಿ.

ಇನ್ನು ಹಿಂಜ್, ಎಂದರೆ ಮುಚ್ಚಳದ ಕೀಲು. ಅಗ್ಗದ ಸರಣಿಗಳಲ್ಲಿ, ಕಂಪನಿ ಯಾವುದೇ ಇರಲಿ, ಎರಡು ಮೂರು ವರ್ಷಕ್ಕೆ ರಿಪೇರಿ ಅಂಗಡಿ ಮೇಜಿನ ಮೇಲೆ ಬಂದು ಬೀಳುವ ಯಂತ್ರಗಳಲ್ಲಿ ಮುರಿದಿರುವುದು ಇದೇ. ಲೋಹದ ಕೀಲನ್ನು ಎರಡು ಮೂರು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಆ ಸ್ಕ್ರೂಗಳು ಕಚ್ಚಿಕೊಂಡಿರುವುದು ಪ್ಲಾಸ್ಟಿಕ್ ಗೂಟದೊಳಗೆ ಬಿಸಿ ಮಾಡಿ ಕೂರಿಸಿದ ಕಡಲೆಕಾಳಿಗಿಂತ ಚಿಕ್ಕ ಹಿತ್ತಾಳೆ ನಟ್ಟುಗಳಲ್ಲಿ. ಕೀಲಿನ ಗ್ರೀಸ್ ಒಣಗಿ ಬಿಗಿಯಾದಂತೆ ಪ್ರತಿ ಸಲ ತೆರೆಯುವಾಗಲೂ ಜಗ್ಗುವ ಬಲವೆಲ್ಲ ಆ ಗೂಟದ ಮೇಲೆ. ಒಂದು ಮೂಲೆ ಹಿಡಿದು ಮುಚ್ಚಳ ಎತ್ತುವ ಅಭ್ಯಾಸವಿದ್ದರೆ ಭಾರವಿಡೀ ಆ ಕಡೆಯ ಕೀಲಿಗೇ. ಒಂದು ದಿನ ಗೂಟ ಸೀಳುತ್ತದೆ, ನಟ್ಟು ಕಿತ್ತುಬರುತ್ತದೆ, ಮುಚ್ಚಿದಾಗ ಮೂಲೆಯಲ್ಲಿ ಉಗುರು ತೂರುವಷ್ಟು ಸಂದು ಕಾಣುತ್ತದೆ. ತೆರೆಯುವಾಗ ‘ಟಕ್’ ಎಂಬ ಸದ್ದು ಮೊದಲ ಸಲ ಕೇಳಿದ ದಿನವೇ ನಿಲ್ಲಿಸಿ ರಿಪೇರಿಗೆ ಕೊಡಿ. ಆಗ ಗೂಟವನ್ನು ಎಪಾಕ್ಸಿಯಲ್ಲಿ ಕೂರಿಸಿ ಕೀಲಿನ ಬಿಗಿ ಸಡಿಲಿಸಿದರೆ ಉಳಿಯುತ್ತದೆ. ಬಿಟ್ಟರೆ ಕೀಲು ಸ್ಕ್ರೀನಿನ ಹಿಂಬದಿಯನ್ನೇ ಒಡೆದು ಡಿಸ್‌ಪ್ಲೇ ಕೇಬಲ್ ಕತ್ತರಿಸುತ್ತದೆ. ಫೆವಿಕ್ವಿಕ್ ಹಾಕಬೇಡಿ, ಅದು ಹರಿದು ಕೀಲಿನೊಳಗೇ ಸೇರಿ ಇನ್ನಷ್ಟು ಬಿಗಿಯುತ್ತದೆ. ವಾರಂಟಿಯಲ್ಲಿ ಇದನ್ನು ‘ಫಿಸಿಕಲ್ ಡ್ಯಾಮೇಜ್’ ಎಂದು ತಳ್ಳಿಹಾಕುವುದು ಸಾಮಾನ್ಯ. ಕೊಳ್ಳುವಾಗ ಡೆಮೊ ಯಂತ್ರದ ಮುಚ್ಚಳವನ್ನು ನಡುಮಧ್ಯೆ ಒಂದೇ ಬೆರಳಲ್ಲಿ ಎತ್ತಿ ನೋಡಿ. ತಳವೂ ಜೊತೆಗೆ ಮೇಲೆದ್ದರೆ ಕೀಲು ಅತಿ ಬಿಗಿ. ಮನೆಯಲ್ಲೂ ಯಾವಾಗಲೂ ನಡುವೆಯೇ ಹಿಡಿದು ತೆರೆಯಿರಿ.

ಸರಣಿಗಳಿಗೆ ಬರೋಣ. ಲೆನೊವೊದಲ್ಲಿ ಐಡಿಯಾಪ್ಯಾಡ್ ಸ್ಲಿಮ್ 3 ಸಾಮಾನ್ಯ ಬಳಕೆಗೆ ಸರಿ, ಕೀಬೋರ್ಡ್ ಒಳ್ಳೆಯದು; ಸ್ಲಿಮ್ 5ಕ್ಕೆ ಏರಿದರೆ ಲೋಹದ ಮೈ, ಮೇಲಾದ ಸ್ಕ್ರೀನು. ನಾಲ್ಕು ವರ್ಷ ಬಾಳಬೇಕು ಎನ್ನುವವರಿಗೆ ನಮ್ಮ ಮೊದಲ ಆಯ್ಕೆ ಥಿಂಕ್‌ಪ್ಯಾಡ್ ಇ14 ಅಥವಾ ಥಿಂಕ್‌ಬುಕ್. ಬಿಚ್ಚಿ ಕಟ್ಟುವುದು ಸುಲಭ, ಯಾವ ಸ್ಕ್ರೂ ಎಲ್ಲಿದೆ ಎಂಬ ಸರ್ವಿಸ್ ಕೈಪಿಡಿಯನ್ನು ಕಂಪನಿಯೇ ಉಚಿತವಾಗಿ ಕೊಡುತ್ತದೆ. ವಿ15 ಸರಣಿ ‘ಬಿಸಿನೆಸ್’ ಹೆಸರಿನದಾದರೂ ಅಗ್ಗದ ಪ್ಲಾಸ್ಟಿಕ್, ಅದನ್ನು ಥಿಂಕ್‌ಪ್ಯಾಡಿನ ತಮ್ಮ ಎಂದುಕೊಂಡು ಕೊಳ್ಳಬೇಡಿ.

ಎಚ್‌ಪಿಯಲ್ಲಿ ಸಮಸ್ಯೆ ಹೆಸರಿನದು. ‘ಎಚ್‌ಪಿ 15’ ಎಂಬ ಒಂದೇ ಹೆಸರಿನಡಿ ಎನ್305ನಿಂದ 1335ಯುವರೆಗೆ ಎಲ್ಲವೂ ಸಿಗುತ್ತವೆ. ಹೆಸರಿನ ನಂತರ ಬರುವ ಎರಡು ಅಕ್ಷರ ನೋಡಿ, ಎಫ್‌ಡಿ ಎಂದರೆ ಇಂಟೆಲ್, ಎಫ್‌ಸಿ ಎಂದರೆ ಎಎಂಡಿ. ಎಫ್‌ಸಿ ಮಾಡೆಲ್‌ಗಳಲ್ಲೇ ಮೇಲೆ ಹೇಳಿದ 7520ಯು ಹೆಚ್ಚಾಗಿ ಅಡಗಿರುತ್ತದೆ. ಪೆವಿಲಿಯನ್ ಇದಕ್ಕಿಂತ ಗಟ್ಟಿ. ಪ್ರೊಬುಕ್ ರಿಯಾಯಿತಿಯಲ್ಲಿ ಸಿಕ್ಕರೆ ಬಿಡಬೇಡಿ.

ಡೆಲ್ 2025ರ ಜನವರಿಯಲ್ಲಿ ಹೆಸರುಗಳನ್ನೆಲ್ಲ ಬದಲಿಸಿತು. ಇನ್ಸ್‌ಪಿರಾನ್ ಹೋಗಿ ಬರೀ ‘ಡೆಲ್’, ‘ಡೆಲ್ ಪ್ಲಸ್’ ಬಂದವು, ಲ್ಯಾಟಿಟ್ಯೂಡ್ ಜಾಗಕ್ಕೆ ‘ಡೆಲ್ ಪ್ರೊ’ ಬಂತು. ಅಂಗಡಿಗಳಲ್ಲಿ ಹಳೆಯದೂ ಹೊಸದೂ ಒಟ್ಟೊಟ್ಟಿಗೆ ಇರುತ್ತವೆ, ಗೊಂದಲವಾದರೆ ಪ್ರೊಸೆಸರ್ ಅಂಕಿಯನ್ನೇ ಹಿಡಿದುಕೊಳ್ಳಿ. ಡೆಲ್‌ನ ಬಲ ಯಂತ್ರಕ್ಕಿಂತ ಅದರ ಮನೆಗೇ ಬಂದು ರಿಪೇರಿ ಮಾಡುವ ವ್ಯವಸ್ಥೆ. ತಳದಲ್ಲಿರುವ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಹಾಕಿದರೆ ಯಂತ್ರದ ಜಾತಕವೆಲ್ಲ ಸೈಟಿನಲ್ಲಿ ಕಾಣುತ್ತದೆ. ಅದೇ ದುಡ್ಡಿಗೆ ಬೇರೆಯವರಿಗಿಂತ ಒಂದು ಹಿಡಿ ಕಡಿಮೆ ಸ್ಪೆಸಿಫಿಕೇಷನ್ ಸಿಗುತ್ತದೆ ಎಂಬುದನ್ನು ಒಪ್ಪಿಕೊಂಡೇ ಕೊಳ್ಳಬೇಕು.

ಏಸಸ್ ವಿವೋಬುಕ್ ಕೊಟ್ಟ ದುಡ್ಡಿಗೆ ಹೆಚ್ಚು ಕೊಡುತ್ತದೆ, ಆದರೆ ಕೆಳಗಿನ ಮಾಡೆಲ್‌ಗಳಲ್ಲಿ 42 ವ್ಯಾಟ್‌ಅವರ್ ಬ್ಯಾಟರಿ. ದಿನವಿಡೀ ತರಗತಿಯಲ್ಲಿರುವವರು 50ಕ್ಕಿಂತ ಮೇಲಿನದನ್ನೇ ಹುಡುಕಬೇಕು. ಅದರ ಓಎಲ್‌ಇಡಿ ಸ್ಕ್ರೀನು ವಿನ್ಯಾಸದ ವಿದ್ಯಾರ್ಥಿಗೆ ಈ ಬೆಲೆಯಲ್ಲಿ ಸಿಗುವ ಅತ್ಯುತ್ತಮ. ಏಸರ್ ಆಸ್ಪೈರ್ 7 ಮತ್ತು ನೈಟ್ರೊ ವಿ ಕಡಿಮೆ ಬೆಲೆಗೆ ಗ್ರಾಫಿಕ್ಸ್ ಕಾರ್ಡ್ ಕೊಡುತ್ತವೆ, ಎರಡು ರ‍್ಯಾಮ್ ಸ್ಲಾಟ್ ಇರುತ್ತವೆ, ಸ್ಕ್ರೀನು ಸಾಧಾರಣ. ಎಂಎಸ್‌ಐ, ಇನ್ಫಿನಿಕ್ಸ್ ಮೊದಲಾದವನ್ನು ಬೆಂಗಳೂರಲ್ಲಿರುವವರು ಯೋಚಿಸಬಹುದು, ಸಣ್ಣ ಊರಿನವರು ಸರ್ವಿಸ್ ಕೇಂದ್ರ ಎಲ್ಲಿದೆ ಎಂದು ನೋಡದೆ ಮುಟ್ಟಬಾರದು.

ಗೇಮಿಂಗ್ ಸರಣಿಗಳಲ್ಲಿ ಲೆನೊವೊ ಎಲ್‌ಒಕ್ಯೂ, ಎಚ್‌ಪಿ ವಿಕ್ಟಸ್, ಏಸಸ್ ಟಫ್, ಈ ಮೂರೂ ಬಳಸಬಹುದಾದವು. ಆರ್‌ಟಿಎಕ್ಸ್ 4050 ಎಂಬ ಒಂದೇ ಹೆಸರಿನ ಕಾರ್ಡನ್ನು ಕಂಪನಿಗಳು 35ರಿಂದ 115 ವ್ಯಾಟ್‌ವರೆಗೆ ಬೇರೆ ಬೇರೆ ಮಿತಿಯಲ್ಲಿ ಕೂರಿಸುತ್ತವೆ, ಹಾಗಾಗಿ ‘ಟಿಜಿಪಿ’ ಎಷ್ಟು ವ್ಯಾಟ್ ಎಂದು ಕೇಳಿ. ಎರಡೂಕಾಲು ಕೆಜಿ ಯಂತ್ರ, ಜೊತೆಗೆ ಇಟ್ಟಿಗೆಯಷ್ಟು ದಪ್ಪದ ಚಾರ್ಜರ್, ಇವನ್ನು ದಿನಾ ಬಸ್ಸಿನಲ್ಲಿ ಹೊತ್ತು ತಿರುಗುವವರು ಬೆನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಹಾಸಿಗೆ ಮೇಲಿಟ್ಟು ಓಡಿಸಿದರೆ ತಳದ ಗಾಳಿಕಿಂಡಿ ಮುಚ್ಚಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಗಟ್ಟಿ ಹಲಗೆಯ ಮೇಲಿಡಿ, ವರ್ಷಕ್ಕೊಮ್ಮೆ ಫ್ಯಾನ್ ಧೂಳು ತೆಗೆಸಿ.

ಮ್ಯಾಕ್‌ಬುಕ್ ಏರ್ ಕಂಪ್ಯೂಟರ್ ಸೈನ್ಸ್, ಪತ್ರಿಕೋದ್ಯಮ, ವಿಡಿಯೊ ಸಂಕಲನ ಕಲಿಯುವವರಿಗೆ ಅಪ್ಪಟ ಒಳ್ಳೆಯ ಯಂತ್ರ. ಫ್ಯಾನ್ ಇಲ್ಲ, ಬ್ಯಾಟರಿ ಇಡೀ ದಿನ ಬರುತ್ತದೆ, 2024ರ ಅಕ್ಟೋಬರ್‌ನಿಂದ ಕನಿಷ್ಠ 16 ಜಿಬಿ. ಎಂ4 ಮಾಡೆಲ್ 2025ರ ಮಾರ್ಚ್‌ನಲ್ಲಿ 99,900 ರೂಪಾಯಿಗೆ ಬಂತು, ಆಗ ವಿದ್ಯಾರ್ಥಿ ದರ 89,900 ಇತ್ತು. ಮೆಕ್ಯಾನಿಕಲ್, ಸಿವಿಲ್, ಬಿಕಾಂನವರಿಗೆ ಮಾತ್ರ ಬೇಡವೇ ಬೇಡ. ಆಪಲ್ ಚಿಪ್ಪಿನ ಮ್ಯಾಕ್‌ಗಳಲ್ಲಿ ಬೂಟ್‌ಕ್ಯಾಂಪ್ ಇಲ್ಲ, ನೇರವಾಗಿ ವಿಂಡೋಸ್ ಹಾಕಲಾಗುವುದಿಲ್ಲ. ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಇರುವ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೂ ಇದೇ ಎಚ್ಚರಿಕೆ: ಬ್ಯಾಟರಿ ಅದ್ಭುತ, ಆದರೆ ಅದು ಇಂಟೆಲ್, ಎಎಂಡಿಗಿಂತ ಬೇರೆ ಬಗೆಯ ಆರ್ಮ್ ಚಿಪ್, ವಿವಾಡೊ, ಸಾಲಿಡ್‌ವರ್ಕ್ಸ್‌ಗೆ ಅಲ್ಲಿ ಬೆಂಬಲವಿಲ್ಲ, ಹಳೆಯ ಲ್ಯಾಬ್ ಬೋರ್ಡುಗಳ ಡ್ರೈವರ್ ಕೂರುವುದಿಲ್ಲ.

ಸರ್ವಿಸ್ ಬಗ್ಗೆ ಕೊಳ್ಳುವ ಮುನ್ನವೇ ಕೇಳಬೇಕಾದ ಪ್ರಶ್ನೆ ‘ವಾರಂಟಿ ಎಷ್ಟು ವರ್ಷ’ ಎಂಬುದೊಂದೇ ಅಲ್ಲ. ಆನ್‌ಸೈಟ್ ಎಂದರೆ ತಂತ್ರಜ್ಞರು ಮನೆಗೆ ಬರುತ್ತಾರೆ, ಕ್ಯಾರಿ-ಇನ್ ಎಂದರೆ ನೀವು ಹೊತ್ತುಕೊಂಡು ಹೋಗಬೇಕು. ಸಾಗರದಲ್ಲೋ ಸಿಂಧನೂರಿನಲ್ಲೋ ಇರುವವರಿಗೆ ಇದು ಒಂದು ದಿನದ ಪ್ರಯಾಣದ ಮಾತು. ಕಂಪನಿಯ ಸೈಟಿನಲ್ಲಿ ಪಿನ್‌ಕೋಡ್ ಹಾಕಿ ಕೇಂದ್ರ ಹುಡುಕಿ, ಅಲ್ಲಿಗೆ ಫೋನ್ ಮಾಡಿ ಆ ಮಾಡೆಲ್‌ನ ಸ್ಕ್ರೀನ್ ಬದಲಿಸಲು ಎಷ್ಟು ದಿನ ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಅರ್ಧ ತಿಳಿಯುತ್ತದೆ. ಹಾಸ್ಟೆಲಿನಲ್ಲಿ ಇರುವವರಿಗೆ ಆಕಸ್ಮಿಕ ಹಾನಿಯ ರಕ್ಷಣೆಯನ್ನು ಕೊಳ್ಳುವುದು ಲಾಭ: ಚಹಾ ಚೆಲ್ಲಿದ್ದು, ಮಂಚದಿಂದ ಬಿದ್ದದ್ದು ಸಾಮಾನ್ಯ ವಾರಂಟಿಗೆ ಸೇರುವುದಿಲ್ಲ, ಇದಕ್ಕೆ ಸೇರುತ್ತದೆ. ಕಳವು ಇದಕ್ಕೂ ಸೇರುವುದಿಲ್ಲ. ಬ್ಯಾಟರಿಗೆ ಹೆಚ್ಚಾಗಿ ಒಂದೇ ವರ್ಷದ ವಾರಂಟಿ, ನೀವು ಮೂರು ವರ್ಷದ್ದು ಕೊಂಡರೂ.

ಹಾಸ್ಟೆಲ್ ಎಂದಾಗ ಇನ್ನೊಂದು ಮಾತು. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜಿಗಿಟ್ಟಾಗ ಅಂಗೈ ಜುಮ್ಮೆನ್ನುತ್ತದೆ ಎಂದು ಎಷ್ಟೋ ಮಂದಿ ಅದನ್ನು ಹಿಂದಿರುಗಿಸಲು ಹೋಗುತ್ತಾರೆ. ದೋಷ ಸಾಮಾನ್ಯವಾಗಿ ಗೋಡೆಯದ್ದು. ಮೂರು ಪಿನ್ನಿನ ಚಾರ್ಜರನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದಾಗ, ಅಥವಾ ಸಾಕೆಟ್ಟಿಗೆ ಅರ್ಥಿಂಗ್ ಕೊಟ್ಟಿಲ್ಲದಿದ್ದಾಗ, ಚಾರ್ಜರಿನ ಫಿಲ್ಟರ್ ಕೆಪಾಸಿಟರಿನಿಂದ ಸೋರುವ ಸಣ್ಣ ವಿದ್ಯುತ್ತಿಗೆ ನೆಲಕ್ಕಿಳಿಯಲು ದಾರಿ ಇರುವುದಿಲ್ಲ, ನಿಮ್ಮ ಕೈಯೇ ದಾರಿಯಾಗುತ್ತದೆ. ಅರ್ಥಿಂಗ್ ಇರುವ ಬೇರೆ ಸಾಕೆಟ್ಟಿನಲ್ಲಿ ಹಾಕಿ ನೋಡಿ. ಅಲ್ಲೂ ಹಾಗೇ ಆದರೆ ಚಾರ್ಜರ್ ಬದಲಿಸಿಕೊಳ್ಳಿ.

ಬಜೆಟ್ 25 ಸಾವಿರದ ಆಸುಪಾಸು ಇರುವವರಿಗೆ ಹೊಸದಕ್ಕಿಂತ ರೀಫರ್ಬಿಷ್ ಮಾಡಿದ ಕಚೇರಿ ಲ್ಯಾಪ್‌ಟಾಪ್ ವಾಸಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಥಿಂಕ್‌ಪ್ಯಾಡ್ ಟಿ480, ಲ್ಯಾಟಿಟ್ಯೂಡ್ 7490, ಎಲೈಟ್‌ಬುಕ್ 840 ಜಿ5 ಸಾಲಾಗಿ ಇಟ್ಟಿರುತ್ತಾರೆ. ಮೂರೂ ಹೆಚ್ಚಾಗಿ ಇಂಟೆಲ್ 8ನೇ ತಲೆಮಾರು, ವಿಂಡೋಸ್ 11ಕ್ಕೆ ಅದೇ ಕನಿಷ್ಠ. ಟಿ470 ನೋಡಲು ಥೇಟ್ ಹಾಗೇ ಇದ್ದರೂ 7ನೇ ತಲೆಮಾರು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಅದು ಬೇಡ. ದುಡ್ಡು ಕೊಡುವ ಮುನ್ನ ಅಲ್ಲೇ ಕೂತು ಮೂರು ಕೆಲಸ ಮಾಡಿ. ಆನ್ ಮಾಡುತ್ತ ಬಯೋಸ್ (ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟಿಂಗ್ ಪರದೆ) ತೆರೆಯಿರಿ. ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪವರ್‌ಸಿಎಫ್‌ಜಿ, ಒಂದು ಸ್ಪೇಸ್, ಸ್ಲ್ಯಾಶ್, ಬ್ಯಾಟರಿರಿಪೋರ್ಟ್ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ಒಂದು ವರದಿ ತಯಾರಾಗುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿಗೆ ಹೋಲಿಸಿ ಫುಲ್ ಚಾರ್ಜ್ ಕೆಪಾಸಿಟಿ 70 ಶೇಕಡಾಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಡಿಮೆ ಮಾಡಿಸಿ. ಮೂರನೆಯದು, ವಿಂಡೋಸ್ ರಿಸೆಟ್ ಮಾಡಿಸಿ ಇಂಟರ್‌ನೆಟ್ಟಿಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ಬಂದು ಅವರ ಇಮೇಲ್ ಕೇಳಿದರೆ ಆ ಯಂತ್ರ ಇನ್ನೂ ಅವರ ಪಟ್ಟಿಯಿಂದ ಬಿಡುಗಡೆಯಾಗಿಲ್ಲ.

ಹೊಸದನ್ನು ಕೊಂಡ ದಿನ ಅಂಗಡಿಯ ಹುಡುಗರು ‘ಸೆಟಪ್ ಮಾಡಿಕೊಡ್ತೀವಿ’ ಎನ್ನುತ್ತಾರೆ. ಒಪ್ಪಬೇಡಿ. ವಿಂಡೋಸ್ 11 ಮೊದಲ ಸಲ ತೆರೆಯುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಅಂಗಡಿಯವರು ತಮ್ಮದೇ ಒಂದು ಖಾತೆ ಹಾಕಿ ಮುಗಿಸಿಬಿಟ್ಟರೆ ಜೊತೆಗೆ ಬಂದ ಆಫೀಸ್ ಲೈಸೆನ್ಸ್ ಆ ಖಾತೆಗೆ ಅಂಟಿಕೊಳ್ಳುತ್ತದೆ, ಮತ್ತೆ ಬಿಡಿಸುವುದು ಕಷ್ಟ. ಅದಕ್ಕಿಂತ ದೊಡ್ಡದು: ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅದರ ರಿಕವರಿ ಕೀ ಅದೇ ಖಾತೆಗೆ ಹೋಗುತ್ತದೆ. ಎರಡು ವರ್ಷದ ಮೇಲೆ ಬಯೋಸ್ ಅಪ್‌ಡೇಟೋ ಮದರ್‌ಬೋರ್ಡ್ ರಿಪೇರಿಯೋ ಆಗಿ ನೀಲಿ ಪರದೆಯಲ್ಲಿ 48 ಅಂಕಿಯ ಕೀ ಕೇಳಿದಾಗ ಅದು ಯಾರ ಖಾತೆಯಲ್ಲಿದೆ ಎಂದೇ ತಿಳಿಯದೆ ಪ್ರಾಜೆಕ್ಟ್ ರಿಪೋರ್ಟ್ ಸಮೇತ ಎಲ್ಲ ಹೋಗುತ್ತದೆ. ಖಾತೆ ವಿದ್ಯಾರ್ಥಿಯದ್ದೇ ಇರಲಿ, ಅದಕ್ಕೆ ಮನೆಯವರ ಮೊಬೈಲ್ ಸಂಖ್ಯೆಯನ್ನೂ ಜೋಡಿಸಿ, ರಿಕವರಿ ಕೀಯನ್ನು ಅಂದೇ ಕಾಗದದಲ್ಲಿ ಬರೆದು ಬಿಲ್ಲಿನ ಜೊತೆ ಇಡಿ. ಆಫೀಸನ್ನೂ ಅಂದೇ ಸಕ್ರಿಯಗೊಳಿಸಿ, ತಡ ಮಾಡಿದರೆ ಗಡುವು ಮೀರುತ್ತದೆ.

ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ; ಡಬ್ಬ, ಯಂತ್ರದ ತಳ, ಬಯೋಸ್ ಮೂರರಲ್ಲೂ ಅದೇ ಇರಬೇಕು. ಕಂಪನಿಯ ಸೈಟಿನಲ್ಲಿ ವಾರಂಟಿ ಶುರುವಾದ ದಿನಾಂಕ ನೋಡಿ. ಗೋದಾಮಿನಲ್ಲಿ ಆರು ತಿಂಗಳು ಕೂತ ಯಂತ್ರವಾದರೆ ದಿನಾಂಕ ಹಿಂದಿನದು ಇರುತ್ತದೆ. ಜಿಎಸ್‌ಟಿ ಬಿಲ್ ಕಳಿಸಿ ತಿದ್ದಿಸಿಕೊಳ್ಳುವ ಹಕ್ಕು ನಿಮ್ಮದು. ಲ್ಯಾಪ್‌ಟಾಪಿಗೆ ಜಿಎಸ್‌ಟಿ 18 ಶೇಕಡಾ, ‘ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀವಿ’ ಎಂದರೆ ಉಳಿಯುವ ದುಡ್ಡಿಗಿಂತ ಕಳೆಯುವ ವಾರಂಟಿ ದೊಡ್ಡದು. ‘ನೋ ಕಾಸ್ಟ್ ಇಎಂಐ’ಯಲ್ಲೂ ಪ್ರೊಸೆಸಿಂಗ್ ಶುಲ್ಕ, ಬಡ್ಡಿ ಭಾಗದ ಮೇಲೆ ಜಿಎಸ್‌ಟಿ ಬೀಳುತ್ತವೆ, ಒಟ್ಟು ಎಷ್ಟಾಗುತ್ತದೆ ಎಂದು ಕೂಡಿ ನೋಡಿ. ಆನ್‌ಲೈನಿನಲ್ಲಿ ‘16 ಜಿಬಿ ಅಪ್‌ಗ್ರೇಡೆಡ್’ ಎಂದು ಬರೆದ ಮಾರಾಟಗಾರರು ಡಬ್ಬ ಒಡೆದು ಬೇರೆ ಕಂಪನಿಯ ಸ್ಟಿಕ್ ಹಾಕಿರುತ್ತಾರೆ. ಮಾಡೆಲ್ ನಂಬರ್ ಕಂಪನಿಯ ಸೈಟಿನಲ್ಲಿ 8 ಜಿಬಿ ಎಂದಿದ್ದರೆ ಅದನ್ನು ಬಿಡಿ.

ಆನ್‌ಲೈನಿನಲ್ಲಿ ಕೊಂಡ ಲ್ಯಾಪ್‌ಟಾಪುಗಳಿಗೆ ಹೆಚ್ಚಾಗಿ ಏಳೋ ಹತ್ತೋ ದಿನದ ಬದಲಾವಣೆ ಅವಧಿ ಮಾತ್ರ, ಅದೂ ತಂತ್ರಜ್ಞರು ಬಂದು ದೋಷ ಒಪ್ಪಿದರೆ. ಹಾಗಾಗಿ ಡಬ್ಬ ಬಿಚ್ಚುವುದನ್ನು ವಿಡಿಯೊ ಮಾಡಿ, ಮೊದಲ ಮೂರು ದಿನದಲ್ಲೇ ಯಂತ್ರವನ್ನು ದುಡಿಸಿ. ಕಪ್ಪು, ಬಿಳಿ, ಕೆಂಪು ಪೂರ್ಣಪರದೆ ಚಿತ್ರ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. 512 ಜಿಬಿ ಡಿಸ್ಕ್ ವಿಂಡೋಸ್‌ನಲ್ಲಿ 476 ಎಂದು ಕಾಣುವುದು ಲೆಕ್ಕದ ವ್ಯತ್ಯಾಸ, ದೋಷವಲ್ಲ. ಪ್ರತಿ ಯುಎಸ್‌ಬಿಗೂ ಪೆನ್‌ಡ್ರೈವ್ ಹಾಕಿ, ಕೀಬೋರ್ಡಿನ ಎಲ್ಲ ಕೀ ಒತ್ತಿ, ಕ್ಯಾಮೆರಾ ಮೈಕ್ ನೋಡಿ. ಚಾರ್ಜರ್ ತೆಗೆದು ವಿಡಿಯೊ ಓಡಿಸಿ ಬ್ಯಾಟರಿ ಪೂರ್ತಿ ಇಳಿಸಿ ಗಂಟೆ ಬರೆದಿಡಿ. ಮುಚ್ಚಳ ಮುಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಮೈ ಮುಟ್ಟಿ ನೋಡಿ; ಬಿಸಿಯಿದ್ದು ಚಾರ್ಜ್ ಕಾಲು ಭಾಗ ಇಳಿದಿದ್ದರೆ ಸ್ಲೀಪ್ ಸರಿಯಿಲ್ಲ, ಮೊದಲು ಬಯೋಸ್ ಮತ್ತು ವಿಂಡೋಸ್ ಅಪ್‌ಡೇಟ್ ಮಾಡಿ, ಆಗಲೂ ಹಾಗೇ ಇದ್ದರೆ ಅವಧಿ ಮುಗಿಯುವ ಮುನ್ನ ದೂರು ದಾಖಲಿಸಿ. ಇದೆಲ್ಲ ದಾಟಿದ ಮೇಲೆ ಕಂಪನಿಯ ಆ್ಯಪ್ ತೆರೆದು, ಲೆನೊವೊದಲ್ಲಿ ವಾಂಟೇಜ್, ಏಸಸ್‌ನಲ್ಲಿ ಮೈಏಸಸ್, ಚಾರ್ಜ್ ಮಿತಿಯನ್ನು 80 ಶೇಕಡಾಕ್ಕೆ ಕಟ್ಟಿ. ಪರೀಕ್ಷೆಯ ದಿನ ಪೂರ್ತಿ ಚಾರ್ಜ್ ಬೇಕಾದಾಗ ಹಿಂದಿನ ರಾತ್ರಿ ಅದನ್ನು ತೆಗೆದರಾಯಿತು.